ಅಡಿವೆಪ್ಪನ ಸೌಟು

ಪೂಜ್ಯ ನಿರಂಜನಸಿದ್ಧ ಶಿವಯೋಗಿಗಳ ಮಠವೆಂದರೆ ತಗಡಿನ ಚಾವಣಿಯ ಪಡಸಾಲೆ, ಅದರ ಹಿಂದೊಂದು ಅಡುಗೆಮನೆ. ಪವಾಡ ಹುಡುಕಿಕೊಂಡು ಬಂದವರು ಊಟ ಮಾಡಿ ಹಿಂದಿರುಗುತ್ತಿದ್ದರು. ಪೂಜ್ಯರು ಎಲ್ಲರ ಸಾಲಿನಲ್ಲೇ ನೆಲದ ಮೇಲೆ ಕುಳಿತು ಪ್ರಸಾದ ಸ್ವೀಕರಿಸುತ್ತಿದ್ದರು. ಬಡಿಸುವುದು ಅವರಿಂದ ಶುರು. ಅವರು ತುತ್ತು ಎತ್ತುವವರೆಗೆ ಯಾರೂ ಉಣ್ಣುವಂತಿರಲಿಲ್ಲ.

ಸಾರು ಬಡಿಸುವ ಸೇವೆ ಅಡಿವೆಪ್ಪನದು. ಹರೆಯದಲ್ಲಿ ಹಿಡಿದ ಸೌಟನ್ನು ಎಪ್ಪತ್ತು ದಾಟಿದರೂ ಬಿಟ್ಟಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಬೆಳಿಗ್ಗೆ ಹಾಸಿಗೆ ಬಿಟ್ಟು ಏಳಲು ಆತನಿಗೆ ಉಳಿದಿದ್ದ ಕಾರಣ ಅದೊಂದೇ. ಈಚೆಗೆ ಕೈ ನಡುಗುತ್ತಿತ್ತು, ನಿಜ. ಒಂದು ದಿನ ಯಾರದೋ ಬಿಳಿ ಅಂಗಿಯ ಮೇಲೆ ಸಾರು ಬಿತ್ತು. ಮಠದ ಹೊಸ ವ್ಯವಸ್ಥಾಪಕ ರೇವಯ್ಯ ಮರುದಿನವೇ ಅಪ್ಪಣೆ ಹೊರಡಿಸಿದ: ಅರವತ್ತು ದಾಟಿದವರು ಇನ್ನು ಬಡಿಸಕೂಡದು.

"ಹಿರ್ಯಾರು ನೀವು. ಇನ್ನ ಕುಂತು ಉಣ್ರಿ," ಎಂದು ಕೈಮುಗಿದ. ಮುದುಕರನ್ನು ಮೂಲೆಗೆ ತಳ್ಳುವಾಗ ನಮ್ಮ ಜನ ಕೈಮುಗಿಯುವುದನ್ನು ಮರೆಯುವುದಿಲ್ಲ.

ಅಡಿವೆಪ್ಪ ಕುಳಿತ. ತಾಟಿಗೆ ರೊಟ್ಟಿ ಬಂತು. ನಾಳೆ ಇಲ್ಲಿಗೆ ಯಾಕಾದರೂ ಬರಬೇಕು ಎಂದು ಅದನ್ನೇ ನೋಡುತ್ತಿದ್ದ.

ಸಾರಿನ ಬಕೆಟ್ ಹಿಡಿದ ತರುಣರು ಮೊದಲು ಪೂಜ್ಯರ ಬಳಿ ಬಂದರು. ಪೂಜ್ಯರು ತಾಟಿಗೆ ಕೈ ಅಡ್ಡ ಹಿಡಿದರು. ಇಡೀ ಸಾಲು ಹಸಿದುಕೊಂಡು ಕಾಯಿತು. ರೇವಯ್ಯ ಓಡಿಬಂದ.

"ಅಡಿವೆಪ್ಪ ಬಡಸಲಿ," ಎಂದರು ಪೂಜ್ಯರು.

ಆತನಿಗೆ ವಯಸ್ಸಾಯಿತು, ಕೈ ನಡುಗಿ ಚೆಲ್ಲುತ್ತಾನೆ, ಭಕ್ತರಿಗೆ ತೊಂದರೆ ಎಂದು ರೇವಯ್ಯ ತಗ್ಗಿದ ದನಿಯಲ್ಲಿ ವಿವರಿಸಿದ. ಪೂಜ್ಯರು ಪೂರ್ತಿ ಕೇಳಿಸಿಕೊಂಡರು. ಬಳಿಕ ಅವನ ಹಣೆಯನ್ನು ನೋಡಿದರು. ಬೆಳಿಗ್ಗೆ ತಾವೇ ಹಚ್ಚಿದ ವಿಭೂತಿ. ಎಂಬತ್ತು ದಾಟಿದ ಕೈ. ಗೆರೆಗಳು ಎಡಹುಬ್ಬಿನತ್ತ ಜಾರಿದ್ದವು.

"ಅದೂ ಸೊಟ್ಟ ಆಗೇತಿ. ಒರಸ್ಕೋ."

ರೇವಯ್ಯನ ಕೈ ಹಣೆಯವರೆಗೆ ಹೋಯಿತು, ಮುಟ್ಟಲಾರದೆ ಕೆಳಗಿಳಿಯಿತು. ಅವನು ನೇರವಾಗಿ ಅಡಿವೆಪ್ಪನ ಮುಂದೆ ಬಂದು ನಿಂತ.

"ಏಳ್ರಿ ಕಾಕಾ. ನಂದು ತಪ್ಪಾತು. ಬಕೆಟ್ ನಾ ಹಿಡೀತೀನಿ, ಸೌಟು ನೀವು ಹಿಡೀರಿ."

ಎದೆಯ ಮೇಲಿನ ಕಲ್ಲು ಇಳಿದಂತೆ ಅಡಿವೆಪ್ಪ ಎದ್ದ. ಮೊದಲ ಸೌಟು ಪೂಜ್ಯರ ತಾಟಿಗೆ ಬಿತ್ತು, ನಾಲ್ಕು ಹನಿ ಕಾವಿಯ ಮೇಲೂ. ಪೂಜ್ಯರು ಮುಗುಳ್ನಕ್ಕರು. ರೇವಯ್ಯ ಅವಸರದಿಂದ ಮುಂದಿನವರತ್ತ ದಾಪುಗಾಲು ಹಾಕಿದ.

"ಸಾವಕಾಶ ನಡಿಯೋ ತಮ್ಮಾ," ಎಂದ ಅಡಿವೆಪ್ಪ. "ಚೆಲ್ಲೀಯಾ."

ರೇವಯ್ಯ ಹೆಜ್ಜೆ ತಗ್ಗಿಸಿದ. ಮುಂದೆ ಅಡಿವೆಪ್ಪ ಬದುಕಿದ್ದಷ್ಟು ಕಾಲವೂ ಅವನು ಆ ಬಕೆಟ್ಟನ್ನು ಬೇರೆಯವರ ಕೈಗೆ ಕೊಡಲಿಲ್ಲ.