ಹಿತ್ತಲಿನ ಪಂಕ್ತಿ

ಶಿಷ್ಯ ಮರುಳಯ್ಯ ಕೇಳಿದ: "ಗುರುಗಳೇ, ಒಂದೇ ಹೊತ್ತಿಗೆ ಇಬ್ಬರು ಅತಿಥಿಗಳು ಬಂದರೆ ಯಾರನ್ನು ಮೊದಲು ಉಪಚರಿಸಬೇಕು?"

ಗುರುಗಳು ಹೇಳತೊಡಗಿದರು.

ಒಬ್ಬ ಜವಳಿ ವರ್ತಕನಿದ್ದ. ಊರ ಹೊರಗೆ ಕುರುಚಲು ಕಾಡಿದ್ದ ನೆಲವನ್ನು ಕೊಂಡು, ಕಾಡು ಕಡಿಸಿ, ಮನೆ ಕಟ್ಟಿಸಿದ. ಮನೆಯ ಮುಂದಿನ ತೋಟಕ್ಕೆ ದೂರದೂರದ ಊರುಗಳಿಂದ ಹೂಗಿಡ ತರಿಸಿದ. ಹಿತ್ತಲನ್ನು ತೋಟಗಿತ್ತಿಯ ಪಾಲಿಗೆ ಬಿಟ್ಟ. ಕಾಡು ಕಡಿಯುವ ದಿನ ಅವಳು ಅಲ್ಲಿದ್ದ ಗಿಡಗಳ ಬೀಜವನ್ನು ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. ಹಿತ್ತಲಲ್ಲಿ ಅವನ್ನೇ ಬಿತ್ತಿದಳು. ತುಂಬೆ, ಹೊನ್ನಾವರಿಕೆ, ಕಾರೆ, ತೆನೆ ಬಿಡುವ ಹುಲ್ಲು. ಹನ್ನೆರಡು ವರ್ಷ ಕಳೆದರೂ ವರ್ತಕ ಅತ್ತ ಒಂದು ಗಳಿಗೆ ನಿಂತು ನೋಡಿದವನಲ್ಲ.

ಅವನಿಗೆ ಒಬ್ಬಳೇ ಮಗಳು. ಎರಡು ಸಂಬಂಧಗಳು ಕೂಡಿಬಂದಂತಾಗಿ ತಪ್ಪಿಹೋಗಿದ್ದವು. ಆ ವರ್ಷ ಮಳೆ ನಿಂತು ಶರದೃತು ಕಾಲಿಟ್ಟಾಗ, ದೊಡ್ಡ ಮನೆತನದವರು ಹೆಣ್ಣು ನೋಡಲು ಬರುತ್ತೇವೆಂದು ಹೇಳಿಕಳಿಸಿದರು. ಈ ಸಲ ಎಲ್ಲಿಯೂ ಒಂದು ಕುಂದು ಕಾಣಬಾರದೆಂದು ವರ್ತಕ ಗೋಡೆಗಳಿಗೆ ಸುಣ್ಣ ಹೊಡೆಸಿದ. ಕೊನೆಗೆ ಹಿತ್ತಲಿಗೆ ಬಂದ. ಎದೆಯೆತ್ತರದ ಹುಲ್ಲು ಹಣ್ಣಾಗಿ ನಿಂತಿತ್ತು. ಗಿಡಗಳು ಒಂದರ ಮೇಲೊಂದು ಒರಗಿದ್ದವು.

"ಇದನ್ನೆಲ್ಲ ನಾಳೆಯೇ ಕೊಯ್ದು ಸುಟ್ಟುಬಿಡು," ಎಂದ.

ತೋಟಗಿತ್ತಿ ಕುಡುಗೋಲಿಗೆ ಕೈ ಹಾಕಲಿಲ್ಲ. "ಧಣಿ, ಪಂಕ್ತಿ ಈಗಷ್ಟೇ ಕೂತಿದೆ. ಉಣ್ಣುವವರ ಮುಂದಿನ ಎಲೆ ಎತ್ತು ಅಂದರೆ ನನಗೆ ಕೈ ಬರುವುದಿಲ್ಲ. ಬೇರೆಯವರಿಂದ ಮಾಡಿಸಿ, ನಾನು ಕೆಲಸ ಬಿಟ್ಟು ಹೋಗುತ್ತೇನೆ. ಅದಕ್ಕೆ ಮೊದಲು ಒಂದು ಬೆಳಗ್ಗೆ ಇಲ್ಲಿ ಕೂತು ನೋಡಿ."

ಅವಳು ಎದುರಾಡಿದ್ದು ಅದೇ ಮೊದಲು. ವರ್ತಕನಿಗೆ ಸಿಟ್ಟಿಗಿಂತ ಅಚ್ಚರಿಯೇ ಹೆಚ್ಚಾಯಿತು. ಮರುದಿನ ಬೆಳಗ್ಗೆ ಬಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತ.

ಮೊದಲು ಅವನಿಗೆ ಏನೂ ಕಾಣಲಿಲ್ಲ. ಬಿಸಿಲು ಏರಿತು. ಗಾಳಿಯಿಲ್ಲದೆ ಒಂದು ತೆನೆ ಬಾಗಿತು, ಇನ್ನೊಂದು ಬಾಗಿತು. ಹೆಬ್ಬೆರಳ ಗಾತ್ರದ ಹಕ್ಕಿಗಳು ತೆನೆ ತೆನೆಗೂ ಜೋತುಬಿದ್ದು ಕಾಳು ಬಿಡಿಸುತ್ತಿದ್ದವು. ಜೇನ್ನೊಣ ತುಂಬೆಯ ಬಿಳಿ ಹೂವಿಗೆ ತಲೆಯಿಟ್ಟು, ಬೆನ್ನಿಗೆ ಧೂಳು ಬಳಿದುಕೊಂಡು, ಪಕ್ಕದ ಹೂವಿಗೆ ಹೋಗುತ್ತಿತ್ತು. ಹೊನ್ನಾವರಿಕೆಯ ಎಲೆಯನ್ನು ಹಸಿರು ಹುಳುವೊಂದು ಮೇಯುತ್ತಿತ್ತು. ಅದರ ಕೆಳಗಿನ ರೆಂಬೆಯಲ್ಲಿ ಆಗಷ್ಟೇ ಗೂಡು ಬಿಟ್ಟ ಹಳದಿ ಚಿಟ್ಟೆ ರೆಕ್ಕೆ ಆರಿಸಿಕೊಳ್ಳುತ್ತಿತ್ತು. ವರ್ತಕ ಎದ್ದು ಮುಂದಿನ ತೋಟಕ್ಕೆ ಹೋದ. ಅಂಗೈಯಗಲದ ಕೆಂಪು ಹೂಗಳು ಅರಳಿದ್ದವು. ಬಹಳ ಹೊತ್ತು ನಿಂತ. ಒಂದು ನೊಣವೂ ಬರಲಿಲ್ಲ.

ಕಣ್ಣು ಮುಚ್ಚಿ ಮುಟ್ಟಿದರೂ ಇದು ಯಾವ ಊರಿನ ನೂಲು ಎಂದು ಹೇಳಬಲ್ಲವನು ಅವನು. ತನ್ನ ಹಿತ್ತಲಲ್ಲಿ ಏನಿದೆ ಎಂಬುದು ಮಾತ್ರ ಅವನಿಗೆ ತಿಳಿದಿರಲಿಲ್ಲ. ತಿರುಗಿ ಬಂದು ತೋಟಗಿತ್ತಿಯ ಮಣ್ಣು ಮೆತ್ತಿದ ಕೈಗಳನ್ನು ನೋಡಿದ. ಇಷ್ಟು ಜೀವಗಳಿಗೆ ಬಡಿಸುತ್ತ ಬಂದವಳು ಹನ್ನೆರಡು ವರ್ಷದಲ್ಲಿ ಒಂದು ದಿನವೂ ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ. ಕೊಯ್ಯುವುದು ಬೇಡ ಎಂದಷ್ಟೇ ಹೇಳಿ ಒಳಗೆ ಹೋದ.

ಗಂಡಿನ ಕಡೆಯವರು ಬಂದರು. ಅವರಲ್ಲಿ ಹಿರಿಯನಾದವನು ಮುಂದಿನ ತೋಟವನ್ನು ಹೊಗಳಿದ. ಕೈಕಾಲು ತೊಳೆಯಲು ಹಿತ್ತಲಿಗೆ ಬಂದವನು ಹುಬ್ಬು ಗಂಟಿಕ್ಕಿದ. "ಇದೇನು, ಹೀಗೆ ಹಾಳುಬಿದ್ದಿದೆ? ಆಳುಗಳು ಮೈಗಳ್ಳರೋ?"

ನೀರು ಹಾಕುತ್ತಿದ್ದ ತೋಟಗಿತ್ತಿ ತಲೆ ತಗ್ಗಿಸಿದಳು. ಜೊತೆಗಿದ್ದ ವರ್ತಕ ಹೌದು ಎಂದಿದ್ದರೆ ಸಾಕಿತ್ತು, ತಪ್ಪು ಅವಳ ಮೇಲೆ ಹೋಗುತ್ತಿತ್ತು. ಅವನಿಗೆ ಒಳಗೆ ಅಲಂಕರಿಸಿಕೊಂಡು ಕೂತಿದ್ದ ಮಗಳು ನೆನಪಾದಳು. ಆದರೂ ಹೇಳಿದ: "ಇಲ್ಲ. ಮುಂದಿನದು ನಾನು ಮಾಡಿಸಿದ ತೋಟ, ಇದು ಇವಳು ಬೆಳೆಸಿದ್ದು. ಎರಡರಲ್ಲಿ ಇದೇ ಮೇಲು."

ಬಂದವರು ಉಂಡರು, ಹೇಳಿಕಳಿಸುತ್ತೇವೆಂದು ಹೋದರು, ಹೇಳಿಕಳಿಸಲಿಲ್ಲ. ವರ್ತಕ ಕೆಲವು ದಿನ ಮಂಕಾಗಿದ್ದ. ತಿಂಗಳಾದ ಮೇಲೆ ಬೀಜಗಳು ಬಲಿತವು. ಆಗ ಅವನೇ ಹಿತ್ತಲಿಗೆ ಹೋಗಿ, ತೋಟಗಿತ್ತಿ ತೋರಿಸಿಕೊಟ್ಟಂತೆ ಗಿಡ ಅಲುಗಿಸಿ, ಉದುರಿದ್ದನ್ನು ಶಲ್ಯದಲ್ಲಿ ಹಿಡಿದು, ಮುಂದಿನ ತೋಟದಲ್ಲಿ ಬಿತ್ತಿದ. ಮಗಳಿಗೆ ಎರಡು ವರ್ಷದ ಮೇಲೆ ಬೇರೆ ಕಡೆ ಸಂಬಂಧ ಕುದುರಿತು.

ಕತೆ ಮುಗಿಯಿತು. ಮರುಳಯ್ಯ, "ಹಾಗಾದರೆ ಗಂಡಿನ ಕಡೆಯವರಿಗಿಂತ ಹಕ್ಕಿ, ಹುಳುಗಳೇ ಮೊದಲ ಅತಿಥಿಗಳು ಎಂದಾಯಿತು," ಎಂದ.

ಗುರುಗಳು ಹೇಳಿದರು: "ಮರುಳಯ್ಯ, ಆ ನೆಲಕ್ಕೆ ಅತಿಥಿಯಾಗಿ ಬಂದವನು ವರ್ತಕ."