ತೊಗಟೆಯೊಳಗಿನ ನರಿಯ ಹಲ್ಲು

ಲೋಕ ಆಗಿನ್ನೂ ಹೊಸದು. ಬೆಟ್ಟಗಳ ಮೂಲೆ ಸವೆದಿರಲಿಲ್ಲ, ಹೊಳೆಗೆ ತನ್ನ ದಾರಿ ರೂಢಿಯಾಗಿರಲಿಲ್ಲ. ಆ ಕಾಲದಲ್ಲಿ ಕೆತ್ತವ್ವ ಅಂತ ಒಬ್ಬಳು ಕೊರಕ ಹುಳ ಇದ್ದಳು. ಎಳ್ಳುಕಾಳಿನಷ್ಟು ಮೈ, ಉಳಿಯಷ್ಟು ಚೂಪಾದ ಬಾಯಿ. ಚಿತ್ರ ಕೊರೆಯುವುದು ಅವಳ ಕಸುಬು.

ಒಂದು ದಿನ ಮೋಟುಬಾಲದ ಇಲಿಯಜ್ಜಿ ಏದುಸಿರು ಬಿಡುತ್ತ ಬಂದಳು.

"ಕೆತ್ತವ್ವಾ, ನರಿ ಬಾಯಿ ತೆರೆದಿರೋ ಚಿತ್ರ ಒಂದು ಬೇಕು. ನನ್ನ ಬಾಲ ಕಿತ್ಕೊಂಡ ಬಾಯಿ ಅದು. ಈಗ ಬಾಯಿ ಮುಚ್ಕೊಂಡೇ ನಗ್ತಾನೆ. ಸುಗ್ಗೀಲಿ ದೊಡ್ಡವರೆಲ್ಲ ಕಾಳಿಗೆ ಹೋದಾಗ ನಮ್ಮ ಮರಿಗಳಿಗೆ ಗುಡ್ಡ ತೋರಿಸ್ತಾನಂತೆ! ನಾನು ಬೇಡ ಅಂದ್ರೆ, ಮುದುಕಿಗೆ ಅರಳುಮರಳು ಅಂತವೆ. ಆ ಹಲ್ಲು ಕಣ್ಣಾರೆ ಕಂಡ್ರೆ ನಂಬ್ತವೆ."

ಕೆತ್ತವ್ವ ಕಣ್ಣೀರಿಗೆ ಕರಗುವವಳಲ್ಲ. "ಕೂಲಿ ಮಾತು ಆಮೇಲೆ. ಮೊದಲು ಜಾಗ ನೋಡೋಣ. ಅಳಿಸಿಹೋಗೋ ಕೆಲಸ ನಾನು ಮಾಡಲ್ಲ," ಅಂದಳು.

"ಹೊಳೆಯವ್ವಾ, ನಿನ್ನ ದಂಡೆ ಮೇಲೆ ಕೊರೀಲಾ?" ಅಂತ ಮೊದಲು ಹೊಳೆಯನ್ನು ಕೇಳಿದಳು.

"ಕೊರಿ. ಆದ್ರೆ ನಾನು ದಿನಾ ಒರೆಸೋಳು, ನಾಳೆಗೆ ಇರಲ್ಲ."

"ಗಾಳಿಯಣ್ಣಾ, ಎಲೆ ಮೇಲೆ ಕೊರೀಲಾ?"

"ಕೊರಿ. ಎಲ್ಲಿ ಬೀಳಿಸ್ತೀನೋ ನಂಗೇ ಗೊತ್ತಿರಲ್ಲ."

ಇಬ್ಬರೂ ಇದ್ದದ್ದನ್ನು ಇದ್ದ ಹಾಗೆ ಹೇಳಿದರು, ಅಷ್ಟರಮಟ್ಟಿಗೆ ಒಳ್ಳೆಯದು ಅಂದುಕೊಂಡಳು ಕೆತ್ತವ್ವ. ಕೊನೆಗೆ ಒಣಗಿ ನಿಂತ ಜಾಲಿಮರದ ತೊಗಟೆಯ ಮೇಲೆ ಕೊರೆಯತೊಡಗಿದಳು.

ಆ ದಾರಿಯಲ್ಲೇ ನರಿ ಬಂದ. "ಏನಮ್ಮಾ, ಬಾಯಿ ಸ್ವಲ್ಪ ಮುಚ್ಚಿದ ಹಾಗೆ ಕೊರೀಬಾರದಾ? ದಿನಾ ಒಂದು ಹಣ್ಣು ತಂದ್ಕೊಡ್ತೀನಿ."

"ನಿನಗಿರೋ ಬಾಯನ್ನೇ ನಾನು ಕೊರೆಯೋದು. ಬೇಡದಿದ್ರೆ ಬೇರೆ ಬಾಯಿ ಇಟ್ಕೊಂಡು ಬಾ."

ನರಿ ಪರಪರನೆ ಕೆರೆದು ಚಿತ್ರವನ್ನೆಲ್ಲ ಅಳಿಸಿ ಹೋದ.

ಆಗ ಜಾಲಿಮರ ಹೇಳಿತು: "ಹೊರಗೆ ಯಾಕೆ ಒದ್ದಾಡ್ತೀಯ? ತೊಗಟೆ ಒಳಗೆ ಬಾ. ಒಣಗಿದೀನಿ, ನೋವಾಗಲ್ಲ. ಕೊರೆದ ಪುಡಿಯೆಲ್ಲ ನೀನೇ ತಿನ್ನು."

ಕೂಲಿಯೂ ಕುದುರಿತು. ಕೆತ್ತವ್ವ ಒಳಗೆ ನುಗ್ಗಿ ನರಿಯ ಬಾಯಿಗೆ ಉದ್ದನೆಯ ಗೆರೆ ಕೊರೆದಳು. ಗೆರೆಯುದ್ದಕ್ಕೂ ಮೊಟ್ಟೆಯಿಟ್ಟಳು. ಹುಟ್ಟಿದ ಒಂದೊಂದು ಮರಿಗೂ ಒಂದೊಂದು ಹಲ್ಲು ಕೊರೆಯುವ ಕೆಲಸ.

"ಅವ್ವಾ, ನನ್ನ ಹಲ್ಲು ಎಷ್ಟುದ್ದ?"

"ನಿನ್ನ ಹೊಟ್ಟೆ ತುಂಬೋವಷ್ಟು."

ಸುಗ್ಗಿ ಬಂತು. ನರಿ ಮುಂದೆ ಮುಂದೆ, ಇಲಿಮರಿಗಳ ಸಾಲು ಹಿಂದೆ ಹಿಂದೆ, ಗುಡ್ಡದ ದಾರಿ ಹಿಡಿದು ಜಾಲಿಮರದ ಬಳಿಗೇ ಬಂದರು. ಇಲಿಯಜ್ಜಿ ಮರದ ಬುಡಕ್ಕೆ ಓಡಿದಳು.

"ಎಲ್ಲೇ ನಿನ್ನ ಚಿತ್ರ? ಒಳಗೆ ಬಚ್ಚಿಟ್ಟ ಚಿತ್ರದಿಂದ ನನ್ನ ಮರಿಗಳು ಉಳೀತವಾ?"

ಕೆತ್ತವ್ವ ತೂತಿನಿಂದ ತಲೆ ಹೊರಹಾಕಿದಳು. ಕಾಣಬೇಕಲ್ಲ ಅನ್ನುವುದನ್ನೇ ಅವಳು ಯೋಚಿಸಿರಲಿಲ್ಲ! "ತೊಗಟೆ ಕಚ್ಚಿ ಎಳಿ, ಅಜ್ಜೀ! ಎಳಿ!"

ಅಜ್ಜಿ ಎಳೆದಳು. ತೊಗಟೆಯ ಹೋಳು ಕಳಚಿ ಬಿತ್ತು. ಮರದ ಮೈಮೇಲೆ ಹಲ್ಲು ತುಂಬಿದ ಬಾಯಿ!

ನರಿ ಹಾರಿ ಬಂದು ಬೆನ್ನು ಕೊಟ್ಟು ಮರೆ ಮಾಡಿದ. "ಏನಿಲ್ಲ ಮಕ್ಕಳೇ, ಬರೀ ಗೀರು. ನಡೀರಿ, ನಡೀರಿ."

"ನರಿಮಾಮಾ, ಇಲ್ಲೂ ಇದೆ!" ಅಂತು ಚಿಕ್ಕ ಮರಿ. ಕೊರೆದದ್ದು ಮರಕ್ಕೂ ತೊಗಟೆಗೂ ನಡುವೆ ಅಲ್ಲವೇ? ಬಿದ್ದ ತೊಗಟೆಯ ಒಳಮೈಯಲ್ಲೂ ಅದೇ ಬಾಯಿ, ಅದೇ ಹಲ್ಲು. ಕೆತ್ತವ್ವನಿಗೇ ಅಚ್ಚರಿ.

"ಮಾಮಾ, ಒಂಚೂರು ಬಾಯಿ ತೆಗಿ. ಹೋಲುತ್ತಾ ನೋಡ್ತೀವಿ."

"ಸುಳ್ಳು! ಎಲ್ಲಾ ಸುಳ್ಳು!" ಎಂದು ನರಿ ಅರಚಿದ. ಅರಚಲು ಬಾಯಿ ತೆರೆಯಲೇಬೇಕಲ್ಲ! ಮರಿಗಳು ತೊಗಟೆ ನೋಡಿದವು, ನರಿಯ ಬಾಯಿ ನೋಡಿದವು. ಮರುಕ್ಷಣ ಅಲ್ಲಿ ಒಂದು ಬಾಲವೂ ಇರಲಿಲ್ಲ. ಎಲ್ಲವೂ ಬಿಲ ಸೇರಿದ್ದವು.

ಕೆತ್ತವ್ವನ ಮನೆತನದವರು ಈಗಲೂ ಒಳಗೇ ಕೊರೆಯುತ್ತಾರೆ. ಒಣಮರದ ಸಡಿಲ ತೊಗಟೆಯನ್ನು ಮೆಲ್ಲಗೆ ಎತ್ತಿ ನೋಡು, ಮಗು: ಉದ್ದನೆಯ ಗೆರೆ, ಅದರ ಎರಡೂ ಕಡೆ ಹಲ್ಲಿನ ಸಾಲು, ಮರದ ಮೈಮೇಲೊಂದು, ನಿನ್ನ ಕೈಯಲ್ಲಿರುವ ತೊಗಟೆಯಲ್ಲೊಂದು.