ಮಡಿವಾಳಗಿತ್ತಿ ದಾಟಿದ ಹೊಸ್ತಿಲು

ಹೆಂಗಸು ಗರ್ಭಗುಡಿಯ ಹೊಸ್ತಿಲು ದಾಟಿದರೆ ಕೋಟೆಯಮ್ಮನ ನಂದಾದೀಪ ಆರುತ್ತದೆ, ದೀಪ ಆರಿದರೆ ರಾಜ್ಯ ಮುಳುಗುತ್ತದೆ. ಹೆಗ್ಗಲ್ಲುದುರ್ಗದಲ್ಲಿ ಇದನ್ನು ನಂಬದವರಿರಲಿಲ್ಲ. ಪರೀಕ್ಷಿಸಿ ನೋಡಿದವರೂ ಇರಲಿಲ್ಲ.

ಒಂದು ಮುಂಜಾನೆ ಮಡಿವಾಳರ ಸಿದ್ದವ್ವ ಗರ್ಭಗುಡಿಯಿಂದ ಹೊರಬರುವಾಗ ಸಿಕ್ಕಿಬಿದ್ದಳು. ಶುದ್ಧಿಯಾಗುವವರೆಗೆ ಪೂಜೆಯಿಲ್ಲವೆಂದು ಪೂಜಾರಿ ಬಾಗಿಲಿಗೆ ಬೀಗ ಜಡಿದು ಅವಳ ತಲೆ ಕೇಳಿದ. ಅರಸನಿಗೆ ಸ್ತ್ರೀಹತ್ಯೆಯ ಭಯ. ಪೂಜಾರಿಯೆಂದರೆ ಇನ್ನೂ ಹೆಚ್ಚು ಭಯ. ದಾರಿ ತೋರಿಸಿದವಳು ರಾಣಿ. ರಾಣಿಯ ಸೀರೆ ಒಗೆಯುತ್ತಿದ್ದವಳೂ ಸಿದ್ದವ್ವನೇ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ.

ಡಂಗುರ ಸಾರಿದರು: "ರಾಣಿಯವರ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರ ತಲೆ ಹೋಗುತ್ತದೆ. ಒಂಬತ್ತು ದಿನದಲ್ಲಿ ಯಾರೂ ಬಿಡಿಸದಿದ್ದರೆ ಸಿದ್ದವ್ವನ ತಲೆಯೂ."

ಮೊದಲ ಒಗಟು ಇದು: "ಅವಳು ಮುಟ್ಟಿದರೆ ಮೈಲಿಗೆ, ಮುಟ್ಟದಿದ್ದರೆ ಮಡಿಯೇ ಇಲ್ಲ. ಯಾರು?" ಒಬ್ಬ ಪಂಡಿತ ಗಂಗೆ ಎಂದ. ಇನ್ನೊಬ್ಬ ಮಾಯೆ ಎಂದು ಅರ್ಧ ದಿನ ವಿವರಿಸಿದ. ಎರಡು ತಲೆ ಉರುಳಿದ ಮೇಲೆ ಯಾರೂ ಬರಲಿಲ್ಲ.

ಒಂಬತ್ತನೆಯ ದಿನ ಸಿದ್ದವ್ವ ಸೆರೆಯಿಂದ ಹೇಳಿಕಳಿಸಿದಳು: "ಹೇಗೂ ಹೋಗೋ ತಲೆ. ನಾನೇ ಬಿಡಿಸ್ತೀನಿ."

ಪೂಜಾರಿ ನಕ್ಕ. "ಬಟ್ಟೆ ಒಗೆಯೋ ಕೆಲಸ ಅಲ್ಲ ಕಣೇ ಇದು."

"ಅದೇ ಸ್ವಾಮಿ. ಆ ಒಗಟು ನಾನೇ. ನಾನು ಮುಟ್ಟಿದರೆ ನೀವು ಮೀಯುತ್ತೀರಿ. ಮಿಂದು ಉಡೋ ಮಡಿ ಒಗೆದವಳು ನಾನು."

ರಾಣಿ ಮುಂದಿನದು ಕೇಳಿದಳು: "ಎಲ್ಲ ದೇವರೂ ನನಗೆ ಒಂದೇ ಅನ್ನುತ್ತದೆ, ಒಂದೇ ಬಾಗಿಲು ಕಾಯುತ್ತದೆ. ಏನದು?"

ಸಿದ್ದವ್ವ ಅರಸನ ಕಡೆ ನೋಡಿದಳು. ಕತ್ತಿ ಹಿಡಿದವನು ಒಂದು ಹೆಜ್ಜೆ ಹತ್ತಿರ ಬಂದ.

"ನೀವು ಕೂತಿರೋ ಗದ್ದುಗೆ, ದೊರೆ. ದರ್ಗಾಕ್ಕೂ ಬಸದಿಗೂ ಗುಡಿಗೂ ಒಂದೇ ಕಾಣಿಕೆ ಕಳಿಸ್ತೀರಿ. ಗುಡಿ ವಿಷಯಕ್ಕೆ ಕೈಹಾಕೋದಿಲ್ಲ ಅಂತೀರಿ. ಆದರೆ ಗುಡಿ ಬಾಗಿಲಲ್ಲಿ ನನ್ನ ಹಿಡಿದವನು ನಿಮ್ಮ ಕಾವಲಿನವನು."

ತಪ್ಪು ಎನ್ನಬೇಕಾದವನು ಅರಸ. ಅವನು ಕತ್ತಿಯವನಿಗೆ ಹಿಂದೆ ಸರಿಯಲು ಸನ್ನೆ ಮಾಡಿದ.

"ಕೊನೆಯದು," ಎಂದಳು ರಾಣಿ. "ಅವಳು ಬಂದರೆ ಸಾಯುತ್ತದೆ ಅಂತ ಊರು ಹೇಳುತ್ತದೆ. ಬಾರದಿದ್ದರೆ ನಿಜವಾಗಿ ಸಾಯುತ್ತದೆ."

"ನಂದಾದೀಪ, ತಾಯಿ. ಬೆಳಕು ಹರಿಯೋ ಮುಂಚೆ ಕೋಟೆಯಮ್ಮನ ಹಳೆ ಸೀರೆ ಹರಿದು, ಬತ್ತಿ ಹೊಸೆದು, ಎಣ್ಣೆ ಹಾಕಿ ಬರ್ತೀನಿ. ನಮ್ಮವ್ವನೂ ಅವಳವ್ವನೂ ಅದನ್ನೇ ಮಾಡಿದ್ದು. ಪೂಜಾರಪ್ಪ ಏಳೋದು ಹೊತ್ತೇರಿದ ಮೇಲೆ."

"ಸುಳ್ಳು. ದೀಪ ತಾನಾಗಿ ಉರಿಯುತ್ತದೆ," ಎಂದ ಪೂಜಾರಿ.

"ಹಾಗಾದರೆ ಬೀಗ ತೆಗೆಸಿ. ಉರೀತಿದ್ದರೆ ತಲೆ ತಗೊಳ್ಳಿ."

"ಆರಿದ್ದರೆ?" ಎಂದಳು ರಾಣಿ.

"ತಲೆ ನನಗಿರಲಿ. ಆ ಬೀಗದ ಕೈಯೂ."

ಎಲ್ಲರೂ ಗುಡಿಗೆ ನಡೆದರು. ಆ ಬೀಗದ ಕೈ ಆಮೇಲೆ ಮೂರು ತಲೆಮಾರು ಮಡಿವಾಳರ ಮನೆಯಲ್ಲೇ ಇತ್ತು. ಅಂದು ಬಾಗಿಲು ತೆರೆದಾಗ ಬತ್ತಿಗೆ ಜೇಡ ಬಲೆ ಕಟ್ಟಿತ್ತು.